ದಾಂಡೇಲಿ–ಧಾರವಾಡ ಪ್ಯಾಸೆಂಜರ್ ರೈಲು ಮತ್ತೆ ಬರಬೇಕು: ಯಾರಿಗೆ, ಏನಂತ ಬರೆಯಬೇಕು?

ದಾಂಡೇಲಿ ಪುಸ್ತಕದಂಗಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾಂಡೇಲಿಯಲ್ಲಿ ಶಾಲೆ ಪುಸ್ತಕ, ನೋಟ್‌ಬುಕ್, ಪೆನ್ನು ಮಾರುವ ಸಣ್ಣ ಅಂಗಡಿ ನನ್ನದು. ರೈಲ್ವೆ ವಿಷಯ ಬಲ್ಲವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಬ್ಬಳ್ಳಿ–ಲೋಂಡಾ ಮುಖ್ಯ ಮಾರ್ಗದಲ್ಲಿ ಅಳ್ನಾವರ ಜಂಕ್ಷನ್ ಇದೆ. ಅಲ್ಲಿಂದ ಕಾಡಿನೊಳಗೆ ಒಂದು ಕವಲು ದಾರಿ ನಮ್ಮ ದಾಂಡೇಲಿಯ ಸ್ಟೇಷನ್ ಅಂಬೇವಾಡಿಗೆ ಬರುತ್ತದೆ, ಸುಮಾರು 26 ಕಿಲೋಮೀಟರ್. ಬ್ರಿಟಿಷರ ಕಾಲದಲ್ಲಿ ಮರ ಸಾಗಿಸೋಕೆ ಹಾಕಿದ ದಾರಿ ಇದು. ಆಮೇಲೆ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು, ಊರು ಬೆಳೆಯಿತು. ನಮ್ಮ ಅಪ್ಪ ಅದೇ ಕಾರ್ಖಾನೆಯಲ್ಲಿ ದುಡಿದವರು. ಮೀಟರ್ ಗೇಜ್ ಗಾಡಿಯಲ್ಲಿ ಅಳ್ನಾವರಕ್ಕೆ ಹೋಗಿ, ಅಲ್ಲಿಂದ ಗಾಡಿ ಬದಲಿಸಿ ಅಜ್ಜಿ ಮನೆಗೆ ಹೋಗುತ್ತಿದ್ದೆವು. 1990ರ ದಶಕದಲ್ಲಿ ಪ್ಯಾಸೆಂಜರ್ ನಿಂತಿತು. ಹಳಿ ಅಗಲವಾಗಿ ಬ್ರಾಡ್‌ಗೇಜ್ ಆಯಿತು, ಗೂಡ್ಸ್ ಓಡಿತು, ಜನರ ಗಾಡಿ ಮಾತ್ರ ಬರಲಿಲ್ಲ.

2019ರ ನವೆಂಬರ್ 3ರಂದು ಆಗಿನ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿಯವರು ಧಾರವಾಡ–ಅಂಬೇವಾಡಿ ಪ್ಯಾಸೆಂಜರಿಗೆ ಹಸಿರು ಬಾವುಟ ತೋರಿಸಿದರು. ಸ್ಟೇಷನ್‌ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ವಯಸ್ಸಾದವರು ಎಂಜಿನ್ ಮುಟ್ಟಿ ಕೈ ಮುಗಿಯುತ್ತಿದ್ದರು. ಮುಂದಿನ ಮಾರ್ಚ್‌ನಲ್ಲಿ ಕೊರೊನಾ ಬಂತು, ದೇಶದ ಎಲ್ಲ ರೈಲುಗಳ ಜೊತೆ ನಮ್ಮದೂ ನಿಂತಿತು. ಬೇರೆ ಊರಿನ ಗಾಡಿಗಳು ಒಂದೊಂದಾಗಿ ಮತ್ತೆ ಶುರುವಾದವು. ನಮ್ಮದು ನಿಂತಲ್ಲೇ ನಿಂತಿದೆ.

ನನಗೆ ಯಾಕೆ ಬೇಕು ಅಂದರೆ, ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ಧಾರವಾಡದ ಡಾಕ್ಟರ ಹತ್ತಿರ ಹೋಗಲೇಬೇಕು. ಮೇ ಕೊನೆಗೆ ಹುಬ್ಬಳ್ಳಿಯಿಂದ ಅಂಗಡಿಗೆ ಮಾಲು ತರಬೇಕು. ಇನ್ನೂರು ಪುಟದ ಉದ್ದ ನೋಟ್‌ಬುಕ್ಕಿನ ಕಟ್ಟು ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿ ನೋಡಿ. ಸುತಳಿ ಬೆರಳಿನೊಳಗೆ ಇಳಿಯುತ್ತದೆ. ಸೀಟಿನ ಕೆಳಗೆ ಜಾಗ ಇಲ್ಲ, ದಾರಿಯಲ್ಲಿ ಇಟ್ಟರೆ ಹತ್ತೋರು ಇಳಿಯೋರು ತುಳಿಯುತ್ತಾರೆ. ಮಳೆ ಬಂದರೆ ಕಿಟಕಿ ಕಡೆಯ ಕಟ್ಟು ನೆನೆದು ಉಬ್ಬುತ್ತದೆ, ಉಬ್ಬಿದ ಪುಸ್ತಕ ಯಾರೂ ಕೊಳ್ಳೋಲ್ಲ.

ಒಂದು ಕಚೇರಿಗೆ ಹೋಗಿ ಕೇಳಿದೆ. "ಆ ಗಾಡಿಗೆ ಜನ ಇರಲಿಲ್ಲಮ್ಮ, ಹೇಗೆ ಬಿಡೋದು?" ಅಂದರು. ಜನ ಇರಲಿಲ್ಲ ಅನ್ನೋದಕ್ಕೆ ಲೆಕ್ಕ ಎಲ್ಲಿದೆ? ಗೂಡ್ಸ್ ಹೋಗುವ ಹಳಿಯ ಮೇಲೆ ಜನರ ಗಾಡಿ ಹೋಗೋಕೆ ಇನ್ನೇನು ಬೇಕು? ನಮ್ಮ ಓಣಿಯವರು, ಒಂದಿಬ್ಬರು ಮಾಸ್ತರರು, ಕೆಲವು ಕಾಲೇಜು ಹುಡುಗರು ಸೇರಿ ಅರ್ಜಿ ಕೊಡಬೇಕು ಅಂತ ಇದ್ದೇವೆ. ಯಾರಿಗೆ, ಏನಂತ ಬರೆಯಬೇಕು? ತಿಳಿದವರು ದಯವಿಟ್ಟು ಹೇಳಿ.

ಹಳಿಯಾಳದವ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಮಗ್ಗುಲೂ ಹೇಳುತ್ತೇನೆ. ಹಳಿ ಹಳಿಯಾಳ ಪೇಟೆಗೆ ಬರೋದಿಲ್ಲ, ಹೀಗಾಗಿ ನಮ್ಮಂಥವರಿಗೆ ಆ ರೈಲಿನಿಂದ ಉಪಯೋಗ ಕಡಿಮೆ. ನಿಮಗೂ ಅಂಬೇವಾಡಿ ಸ್ಟೇಷನ್ ಪೇಟೆಯಿಂದ ದೂರವೇ, ಆಟೋ ಮಾಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆಟೋಗೆ ದುಡ್ಡು ಕೊಟ್ಟು, ಟಿಕೆಟ್ ತೆಗೆದು, ರೈಲಿಗೆ ಯಾರು ಬರುತ್ತಾರೆ? ಈ ಹೋರಾಟದ ಶ್ರಮವನ್ನು ಇನ್ನೆರಡು ಬಸ್ಸು ಜಾಸ್ತಿ ಬಿಡಿ ಅಂತ ಕೇಳೋಕೆ ಹಾಕಿದರೆ ಬೇಗ ಕೆಲಸ ಆಗುತ್ತೆ ಅಲ್ವಾ?

2019ರಲ್ಲಿ ನಾನೂ ಒಮ್ಮೆ ಕುತೂಹಲಕ್ಕೆ ಹತ್ತಿದ್ದೆ. ಕಾಡು ಚೆನ್ನಾಗಿ ಕಾಣುತ್ತೆ, ಅದು ನಿಜ. ಆದರೆ ಕೆಲಸಕ್ಕೆ ಹೋಗೋರಿಗೆ ಆ ಟೈಮ್ ಹೊಂದುತ್ತಿರಲಿಲ್ಲ.

ನಿವೃತ್ತ ಮಾಸ್ತರ್, ಹುಬ್ಬಳ್ಳಿ

ತಂಗೀ, ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಸ್ಟೇಷನ್ ಮಾಸ್ತರ್ ಆಗಿ ನಿವೃತ್ತನಾದವನು. ಅಂಬೇವಾಡಿಯಲ್ಲಿ ಕೆಲಸ ಮಾಡಿಲ್ಲ. ಆದರೆ ಹಳಿ ಅಲ್ಲಿಗೇ ಮುಗಿಯುವಂಥ ತುದಿ ಸ್ಟೇಷನ್‌ನಲ್ಲಿ ಬಹಳ ವರ್ಷ ಇದ್ದೆ. ಅಲ್ಲಿಯ ಕಷ್ಟ ಸುಖ ಗೊತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು. ಗೂಡ್ಸ್ ಓಡುವ ಹಳಿಯ ಮೇಲೆಲ್ಲ ಜನರನ್ನು ಕೂರಿಸಿ ಕರೆದುಕೊಂಡು ಹೋಗೋಕೆ ಆಗೋದಿಲ್ಲ. 1989ರ ರೈಲ್ವೆ ಕಾಯ್ದೆ ಪ್ರಕಾರ ಸುರಕ್ಷತಾ ಆಯುಕ್ತರು ಬಂದು ನೋಡಿ ಒಪ್ಪಿಗೆ ಕೊಡಬೇಕು. ಈ ಆಯುಕ್ತರು ರೈಲ್ವೆ ಇಲಾಖೆಯ ಕೈಕೆಳಗೆ ಬರೋದಿಲ್ಲ, ವಿಮಾನಯಾನ ಇಲಾಖೆಯ ಕೆಳಗೆ ಬರುತ್ತಾರೆ. ಕೆಲಸ ಮಾಡಿದವರೇ ಅದನ್ನು ಪರೀಕ್ಷೆ ಮಾಡಬಾರದು ಅಂತ ಹಾಗೆ ಇಟ್ಟಿದ್ದಾರೆ. ಹಳಿ, ಸ್ಲೀಪರ್, ಸೇತುವೆ, ಗೇಟು, ಸಿಗ್ನಲ್ ಎಲ್ಲ ನೋಡಿ, ಇಷ್ಟು ವೇಗಕ್ಕೆ ಓಡಿಸಿ ಅಂತ ಬರೆದುಕೊಡುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೆನಪಿದೆಯಲ್ಲ? 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿದರು. 2006ರಲ್ಲಿ ಗೂಡ್ಸ್ ಬಿಟ್ಟರು. ಜನರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. 57 ಸುರಂಗ, 50 ಅಡಿಗೆ ಒಂದಡಿ ಏರುವ ದಾರಿ ಅದು. ಗೂಡ್ಸಿಗೆ ಸಾಕಾದ ಹಳಿ ಜನಕ್ಕೆ ಸಾಲಲಿಲ್ಲ, ಒಂದೂವರೆ ವರ್ಷ ಕಾಯಬೇಕಾಯಿತು.

ನಿಮ್ಮ ದಾರಿಯ ಪರಿಸ್ಥಿತಿ ಬೇರೆ. 2019ರಲ್ಲೇ ಅದರ ಮೇಲೆ ಟಿಕೆಟ್ ಕೊಟ್ಟು ಜನರನ್ನು ಒಯ್ದಿದ್ದಾರೆ. ಹೀಗಾಗಿ ಹೊಸ ಮಾರ್ಗ ಕೇಳುವವರ ಹಾಗೆ ಅರ್ಜಿ ಬರೆಯಬೇಡಿ. ಹೊಸ ಮಾರ್ಗ ಅಂದ ಕೂಡಲೇ ಸರ್ವೆ, ಬಜೆಟ್ ಅಂತ ಕಡತ ಬೇರೆ ದಾರಿ ಹಿಡಿಯುತ್ತದೆ. "ಓಡುತ್ತಿದ್ದ ಗಾಡಿ ಕೊರೊನಾ ಕಾಲದಲ್ಲಿ ನಿಂತಿದೆ, ಅದನ್ನು ಮರಳಿ ಕೊಡಿ" ಅಂತ ಬರೆಯಿರಿ. ಹಳಿಗೆ, ಗೇಟಿಗೆ ಏನಾದರೂ ಕೆಲಸ ಬೇಕಿದ್ದರೆ ಅದು ರೈಲ್ವೆಯ ಹುಬ್ಬಳ್ಳಿ ವಿಭಾಗದ ಎಂಜಿನಿಯರುಗಳೇ ನೋಡಿಕೊಳ್ಳುವಂಥದ್ದು.

ಎರಡನೇದು, ಇದೇ ಮುಖ್ಯ. ಹಳಿ ಇದ್ದರೆ ರೈಲು ಬಂದಂತೆಯೇ ಅಂತ ಜನ ತಿಳಿಯುತ್ತಾರೆ. ಹಳಿಗಿಂತ ಕಷ್ಟ ರೇಕ್ ಸಿಗೋದು. ರೇಕ್ ಅಂದರೆ ಜೋಡಿಸಿಟ್ಟ ಬೋಗಿಗಳ ಸರ. ಅದಕ್ಕೆ ಲೋಕೋ ಪೈಲಟ್ ಬೇಕು, ಗಾರ್ಡ್ ಬೇಕು, ತೊಳೆಯೋಕೆ ಜಾಗ ಬೇಕು. ಒಂದು ಸಣ್ಣ ಮಾರ್ಗಕ್ಕಾಗಿ ಹೊಸ ರೇಕ್ ಕೊಡಿ ಅಂದರೆ ಯಾವ ಅಧಿಕಾರಿಯೂ ಸಹಿ ಹಾಕೋಲ್ಲ. ಆದರೆ ದೊಡ್ಡ ಸ್ಟೇಷನ್‌ಗಳಲ್ಲಿ ಕೆಲವು ಪ್ಯಾಸೆಂಜರ್ ರೇಕ್‌ಗಳು ಒಂದು ಓಟ ಮುಗಿಸಿ ಮುಂದಿನ ಓಟಕ್ಕೆ ಗಂಟೆಗಟ್ಟಲೆ ಪಕ್ಕದ ಹಳಿಯಲ್ಲಿ, ಅಂದರೆ ಸೈಡಿಂಗ್‌ನಲ್ಲಿ, ಬಿದ್ದಿರುತ್ತವೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ವೇಳಾಪಟ್ಟಿ ತೆಗೆದು ಕೂತುಕೊಳ್ಳಿ. ಯಾವ ಗಾಡಿ ಎಷ್ಟಕ್ಕೆ ಬಂದು, ಅದೇ ರೇಕ್ ಮತ್ತೆ ಎಷ್ಟಕ್ಕೆ ಹೊರಡುತ್ತದೆ ಅಂತ ಪಟ್ಟಿ ಮಾಡಿ. ನಿಮ್ಮ ಜೊತೆ ಕಾಲೇಜು ಹುಡುಗರು ಇದ್ದಾರಲ್ಲ, ಒಂದು ಸಂಜೆಯ ಕೆಲಸ. "ಇಂಥ ರೇಕ್ ಇಷ್ಟು ಹೊತ್ತು ಖಾಲಿ ನಿಂತಿರುತ್ತದೆ, ಅದನ್ನು ಅಂಬೇವಾಡಿಗೆ ಓಡಿಸಿ" ಅಂತ ಬರೆದ ಅರ್ಜಿಗೂ, "ನಮಗೆ ರೈಲು ಕೊಡಿ" ಅಂತ ಬರೆದ ಅರ್ಜಿಗೂ ಬಹಳ ವ್ಯತ್ಯಾಸ ಇದೆ. ಮೊದಲನೇದನ್ನು ಮೇಜಿನ ಮೇಲೆ ಇಟ್ಟುಕೊಂಡು ಓದುತ್ತಾರೆ. ನಾನು ಆ ಮೇಜುಗಳನ್ನು ನೋಡಿದ್ದೇನೆ.

ಗಾಡಿ ಎಂಥದ್ದು ಅಂತಲೂ ಬರೆಯಿರಿ. ಎಂಜಿನ್ ಒಂದು ಕಡೆ ಇರುವ ಗಾಡಿ ತುದಿ ಸ್ಟೇಷನ್‌ಗೆ ಬಂದರೆ ಎಂಜಿನ್ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಪಾಯಿಂಟ್ಸ್‌ಮನ್ ಎಂಜಿನ್ ಮತ್ತು ಮೊದಲ ಬೋಗಿ ನಡುವೆ ಬಗ್ಗಿ ಬ್ರೇಕ್ ಪೈಪ್ ಕಾಕ್ ಮುಚ್ಚುತ್ತಾನೆ, ಉಳಿದ ಗಾಳಿ ಬುಸ್ ಅಂತ ಹೋಗುತ್ತದೆ. ಎರಡನ್ನೂ ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ಬಿಚ್ಚುತ್ತಾನೆ. ಎಂಜಿನ್ ಮುಂದೆ ಹೋಗಿ, ಹಳಿ ಕವಲೊಡೆಯುವ ಪಾಯಿಂಟ್ ಬದಲಾಗೋವರೆಗೂ ನಿಂತು, ಪಕ್ಕದ ಲೂಪ್ ಹಳಿ ಹಿಡಿದು ಹಿಂದಕ್ಕೆ ಬಂದು, ಇನ್ನೊಂದು ತುದಿಗೆ ಮೆಲ್ಲಗೆ ತಾಗಬೇಕು. ಮತ್ತೆ ಕಪ್ಲಿಂಗ್, ಮತ್ತೆ ಪೈಪ್. ಪೈಪಿನಲ್ಲಿ ಗಾಳಿ 5 ಕೆಜಿ ಒತ್ತಡಕ್ಕೆ ಏರಬೇಕು. ಕೊನೇ ಬೋಗಿಯಲ್ಲಿ ಗಾರ್ಡ್ ತನ್ನ ಒತ್ತಡದ ಗೇಜ್ ನೋಡಿ ಸರಿ ಅನ್ನೋವರೆಗೂ ಗಾಡಿ ಹೊರಡೋ ಹಾಗಿಲ್ಲ. ಮಳೆಗಾಲದಲ್ಲಿ ಜಾರುವ ಜಲ್ಲಿಯ ಮೇಲೆ ನಿಂತು ಇದನ್ನೆಲ್ಲ ಮಾಡೋಕೆ ಅರ್ಧ ಗಂಟೆ ಹಿಡಿಯುತ್ತದೆ, ಮನುಷ್ಯರೂ ಬೇಕು. ಡೀಸೆಲ್ಲಿನ ಡೆಮು ಅಥವಾ ಕರೆಂಟಿನ ಮೆಮು ಆದರೆ ಎರಡೂ ಕಡೆ ಕ್ಯಾಬಿನ್ ಇರುತ್ತದೆ. ಪೈಲಟ್ ಇಳಿದು ಆ ತುದಿಗೆ ನಡೆದು ಹೋದರೆ ಮುಗಿಯಿತು. ಇಷ್ಟು ಚಿಕ್ಕ ದಾರಿಗೆ ಅಂಥದ್ದೇ ಸರಿ.

ಇನ್ನು ಗೂಡ್ಸ್. ನಾನು ದುಡಿದಂಥ ತುದಿ ಮಾರ್ಗಗಳಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿಯನ್ನು ಒಳಗೆ ಬಿಡುವ ಪದ್ಧತಿ ಇರುತ್ತಿತ್ತು. ಗೂಡ್ಸ್ ಒಳಗಿದ್ದರೆ ಪ್ಯಾಸೆಂಜರ್ ಜಂಕ್ಷನ್‌ನಲ್ಲೇ ಕಾಯಬೇಕು. ಗೂಡ್ಸ್ ದುಡ್ಡು ತರುವ ಗಾಡಿ, ಅದನ್ನು ತಡೆಯಿರಿ ಅಂದರೆ ಒಪ್ಪೋಲ್ಲ. ಅದಕ್ಕೇ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಖಚಿತ ಸಮಯ ಕೇಳಿ, ನಡುವಿನ ಹೊತ್ತು ಮತ್ತು ರಾತ್ರಿ ಗೂಡ್ಸಿಗೆ ಬಿಟ್ಟುಬಿಡಿ.

ಹಳಿಯಾಳದ ತಮ್ಮ ಟೈಮ್ ಬಗ್ಗೆ ಹೇಳಿದ್ದು ಸರಿ. ಬೆಳಿಗ್ಗೆ ಆರೂವರೆ ಸುಮಾರಿಗೆ ಅಂಬೇವಾಡಿ ಬಿಟ್ಟು ಕಾಲೇಜು, ಕಚೇರಿ, ಆಸ್ಪತ್ರೆ ತೆರೆಯೋ ಹೊತ್ತಿಗೆ ಧಾರವಾಡ ಮುಟ್ಟಬೇಕು. ಸಂಜೆ ಅವು ಮುಚ್ಚಿದ ಮೇಲೆ ಹೊರಡಬೇಕು. ಸಾಧ್ಯವಾದರೆ ಹುಬ್ಬಳ್ಳಿವರೆಗೆ. ಬೇರೆ ಯಾವ ಹೊತ್ತಿಗೆ ಕೊಟ್ಟರೂ ಮತ್ತೆ ಆರು ತಿಂಗಳಿಗೆ "ಜನ ಇಲ್ಲ" ಅನ್ನುವ ಮಾತು ಬರುತ್ತದೆ. ಗಾಡಿ ಬರೋದಕ್ಕಿಂತ ಬಂದ ಗಾಡಿ ಉಳಿಯೋದು ಕಷ್ಟ ತಂಗಿ. ಹೋರಾಟ ಮಾಡುವವರು ಬಾವುಟದ ದಿನದವರೆಗೆ ಮಾತ್ರ ಯೋಚಿಸುತ್ತಾರೆ.

ಅರ್ಜಿ ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ. ಪ್ರತಿ ನೈಋತ್ಯ ರೈಲ್ವೆ ಪ್ರಧಾನ ವ್ಯವಸ್ಥಾಪಕರಿಗೆ. ಇಬ್ಬರೂ ಹುಬ್ಬಳ್ಳಿಯಲ್ಲೇ ಇದ್ದಾರೆ, ಅದು ನಿಮ್ಮ ಪುಣ್ಯ. ಇನ್ನೊಂದು ಪ್ರತಿ ನಿಮ್ಮ ಸಂಸದರಿಗೆ, ಮತ್ತೊಂದು ಧಾರವಾಡದ ಸಂಸದರಿಗೆ, ಯಾಕೆಂದರೆ ಗಾಡಿ ಅವರ ಕ್ಷೇತ್ರದಲ್ಲೂ ಓಡುತ್ತದೆ. ವಿಭಾಗಕ್ಕೆ ಒಂದು ರೈಲು ಬಳಕೆದಾರರ ಸಲಹಾ ಸಮಿತಿ ಇರುತ್ತದೆ. ಅದರ ಸದಸ್ಯರು ಸಭೆಯಲ್ಲಿ ವಿಷಯ ಎತ್ತಿದರೆ ಉತ್ತರ ಬರಹದಲ್ಲಿ ಕೊಡಬೇಕಾಗುತ್ತದೆ. ಅಂಥವರೊಬ್ಬರನ್ನು ಹುಡುಕಿ.

ಕೊಟ್ಟೂರು ರೈಲು

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಹೊಸಪೇಟೆ–ಕೊಟ್ಟೂರು ಮಾರ್ಗದ್ದೂ ಇದೇ ಕತೆ. ಮೀಟರ್ ಗೇಜ್ ಕಾಲದಲ್ಲಿ ಜನ ಓಡಾಡುತ್ತಿದ್ದ ದಾರಿ. 1990ರ ದಶಕದಲ್ಲಿ ಪ್ಯಾಸೆಂಜರ್ ನಿಂತಿತು. ಹೊಸಪೇಟೆ ಕಡೆ ಅದಿರು ತುಂಬಿದ ಗೂಡ್ಸ್ ಓಡುತ್ತಿತ್ತು, ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಜನ ಮಾತ್ರ ಬಸ್ಸಿಗೆ ಕಾಯುತ್ತಿದ್ದರು. ಆಮೇಲೆ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೊಸ ಹಳಿ ಬಂದು ದಾರಿ ಎರಡೂ ಕಡೆ ತೆರೆದುಕೊಂಡಿತು. ಆದರೂ ಗಾಡಿ ಬರೋಕೆ 2019ರ ಅಕ್ಟೋಬರ್ ಆಯಿತು. ನಿಮ್ಮದಕ್ಕಿಂತ ಕೆಲವೇ ದಿನ ಮೊದಲು.

ನಮ್ಮದೂ ಕೊರೊನಾದಲ್ಲಿ ನಿಂತಿತ್ತು, ಆಮೇಲೆ ಮತ್ತೆ ಬಂತು. ನನಗೆ ಅನ್ನಿಸೋದು, ದಾರಿಯಲ್ಲಿ ಬರುವ ಪ್ರತಿ ಊರಿನವರೂ ಕೂಗು ಹಾಕಿದ್ದು ಕೆಲಸ ಮಾಡಿತು. ಮರಿಯಮ್ಮನಹಳ್ಳಿಯವರು, ಹಗರಿಬೊಮ್ಮನಹಳ್ಳಿಯವರು, ಹರಪನಹಳ್ಳಿಯವರು ಅವರವರ ಊರಿನಿಂದ ಅರ್ಜಿ ಕೊಟ್ಟರು. ಅಕ್ಕಾ, ನೀವು ದಾಂಡೇಲಿಯವರು ಮಾತ್ರ ಕೇಳಿದರೆ ಅದು ಒಂದು ಊರಿನ ಆಸೆ ಆಗುತ್ತೆ. ಅಳ್ನಾವರ, ಕಂಬಾರಗಣವಿ, ಮುಗದ ಇವರನ್ನೂ ಸೇರಿಸಿಕೊಳ್ಳಿ. ಬೆಳಿಗ್ಗೆ ಧಾರವಾಡಕ್ಕೆ ಹಾಲು, ತರಕಾರಿ ಒಯ್ಯುವವರಿಗೆ ನಿಮಗಿಂತ ಜಾಸ್ತಿ ಉಪಯೋಗ ಆಗಬಹುದು.

ನಮ್ಮ ಗಾಡಿ ಏನೂ ವೇಗದ್ದಲ್ಲ. ಆದರೂ ಕೊಟ್ಟೂರೇಶ್ವರ ತೇರಿನ ಹೊತ್ತಿಗೆ ಬಂದು ನೋಡಿ, ಬಾಗಿಲವರೆಗೂ ಜನ.

ದಾಂಡೇಲಿ ಪುಸ್ತಕದಂಗಡಿ

ಮಾಸ್ತರ್, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿಮ್ಮ ಉತ್ತರ ಪ್ರಿಂಟ್ ತೆಗೆದು ಅಂಗಡಿಗೆ ಬಂದವರಿಗೆಲ್ಲ ಓದಿಸುತ್ತಿದ್ದೇನೆ. ವೇಳಾಪಟ್ಟಿ ಕೆಲಸ ಮಗಳು ಮತ್ತು ಅವಳ ಗೆಳತಿಯರು ವಹಿಸಿಕೊಂಡಿದ್ದಾರೆ.

ಹಳಿಯಾಳದ ತಮ್ಮಾ, ಬೇಜಾರು ಯಾಕೆ? ಬಸ್ಸು ಬೇಡ ಅಂತ ನಾನು ಎಲ್ಲಿ ಅಂದೆ? ಪುಕ್ಕಟೆ ಬಸ್ಸಿನಿಂದ ನನ್ನ ಮಗಳು ವಾರವಾರ ಮನೆಗೆ ಬರುತ್ತಾಳೆ, ಅದರ ಬೆಲೆ ನನಗೆ ಗೊತ್ತು. ಆದರೆ ಅಪ್ಪನಿಗೆ ಪುಕ್ಕಟೆ ಇಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು ಇದೆ. ಸಕ್ಕರೆ ಕಾಯಿಲೆಯವರಿಗೆ ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬಸ್ಸಿನಲ್ಲಿ ಹೋಗುವ ದಿನ ಅಪ್ಪ ಬೆಳಿಗ್ಗೆಯಿಂದ ನೀರು ಕುಡಿಯೋದೇ ಇಲ್ಲ. ತುಟಿ ಒಣಗಿಸಿಕೊಂಡು ಕಿಟಕಿ ಕಡೆ ಮುಖ ಮಾಡಿ ಕೂರುತ್ತಾರೆ. ಮಗಳು ನಾನು, ನನ್ನ ಹತ್ತಿರ ಹೇಳೋಕೂ ಅವರಿಗೆ ಸಂಕೋಚ. ಪಾಯಿಖಾನೆ ಇರುವ ರೈಲು ಬಂದರೆ ಸಾಕು. ಇಷ್ಟೇ ವಿಷಯ. ನಮ್ಮೂರಿನಲ್ಲಿ ಇಂಥ ವಯಸ್ಸಿನ ನಿವೃತ್ತ ಕಾರ್ಮಿಕರು ಎಷ್ಟು ಮನೆಯಲ್ಲಿದ್ದಾರೆ ಗೊತ್ತಾ? ತುಂಬು ಬಸುರಿ ಹೆಣ್ಣುಮಕ್ಕಳು ಚೆಕಪ್‌ಗೆ ಹೋಗೋದೂ ಧಾರವಾಡ, ಹುಬ್ಬಳ್ಳಿಗೇ. ಎಷ್ಟು ಬಸ್ಸು ಜಾಸ್ತಿ ಬಿಟ್ಟರೂ ಇದಕ್ಕೆ ಪರಿಹಾರ ಆಗೋಲ್ಲ.

ಟಿಕೆಟ್ ದರ ಕೂಡ ಈಗ ಕಡಿಮೆ ಆಗಿದೆ. ಕೊರೊನಾ ನಂತರ ಪ್ಯಾಸೆಂಜರಿಗೂ ಎಕ್ಸ್‌ಪ್ರೆಸ್ ದರ ಅಂತ ಕನಿಷ್ಠ 30 ರೂಪಾಯಿ ಮಾಡಿದ್ದರು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಸಿದರು. ದಿನಾ ಓಡಾಡುವ ಗಂಡುಮಕ್ಕಳಿಗೆ ತಿಂಗಳ ಪಾಸ್ ಇನ್ನೂ ಅಗ್ಗ. ಸ್ಟೇಷನ್ ದೂರ ಅನ್ನೋದು ಮಾತ್ರ ಸರಿ. ಗಾಡಿ ಬರುವ ಹೊತ್ತಿಗೆ ಪೇಟೆಯಿಂದ ಸಿಟಿ ಬಸ್ಸು ಬಿಡಿ ಅಂತ ಅದೇ ಅರ್ಜಿಯ ಜೊತೆ ಬಸ್ಸಿನವರಿಗೂ ಬರೆಯುತ್ತೇವೆ. ನೀವೂ ಆ ಅರ್ಜಿಗೆ ಸಹಿ ಹಾಕಿ.

ಮಾಸ್ತರ್, ಇನ್ನೊಂದು ಪ್ರಶ್ನೆ. "ಜನ ಇರಲಿಲ್ಲ" ಅನ್ನುವ ಮಾತಿಗೆ ಲೆಕ್ಕ ಕೇಳೋಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ ಅಂತ ಇದ್ದೇವೆ. ಹೀಗೆ ಬರೆದಿದ್ದೇವೆ: "ಧಾರವಾಡ–ಅಂಬೇವಾಡಿ ರೈಲನ್ನು ಯಾಕೆ ನಿಲ್ಲಿಸಲಾಗಿದೆ? ಯಾವಾಗ ಶುರು ಮಾಡುತ್ತೀರಿ?" ಇದು ಸರಿಯಾ?

ಅಳ್ನಾವರ ಹುಡುಗ

ಅಕ್ಕಾ, ನಾನು ಅಳ್ನಾವರದಿಂದ ದಿನಾ ಧಾರವಾಡಕ್ಕೆ ಕೆಲಸಕ್ಕೆ ಹೋಗುವವನು. ಬೆಳಿಗ್ಗೆ ನಮಗೂ ಒಂದು ಗಾಡಿ ಕಡಿಮೆಯೇ ಇದೆ. ಹುಬ್ಬಳ್ಳಿ–ಲೋಂಡಾ ನಡುವೆ ಜೋಡಿ ಹಳಿ ಕೆಲಸ ನಡೆದ ಮೇಲೆ ಎದುರು ಗಾಡಿಗೆ ದಾರಿ ಬಿಟ್ಟು ಕ್ರಾಸಿಂಗ್‌ಗೆ ಕಾಯೋದು ಮೊದಲಿನಷ್ಟು ಇಲ್ಲ. ಹೀಗಾಗಿ ಅಳ್ನಾವರ–ಧಾರವಾಡ ನಡುವೆ ಇನ್ನೊಂದು ಗಾಡಿಗೆ ದಾರಿ ಇಲ್ಲ ಅಂತ ಹೇಳೋಕೆ ಬರೋದಿಲ್ಲ. ಅರ್ಜಿಯಲ್ಲಿ ಇದನ್ನೂ ಸೇರಿಸಿ. ನಮ್ಮ ಕಡೆ ಸಹಿ ಸಂಗ್ರಹ ನಾನು ಮಾಡುತ್ತೇನೆ. ಬೆಳಿಗ್ಗೆ ಪ್ಲಾಟ್‌ಫಾರ್ಮ್‌ನಲ್ಲಿ ಎಲ್ಲರೂ ಸಿಗುತ್ತಾರೆ. ಫಾರ್ಮ್ ಕಳಿಸಿ.

ನಿವೃತ್ತ ಮಾಸ್ತರ್, ಹುಬ್ಬಳ್ಳಿ

ತಂಗೀ, ಹಾಗೆ ಬರೆಯಬೇಡಿ. ಮಾಹಿತಿ ಹಕ್ಕಿನಲ್ಲಿ ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕು, ಅಷ್ಟೇ. "ಯಾಕೆ", "ಯಾವಾಗ" ಅಂತ ಕೇಳಿದರೆ "ಇದು ಮಾಹಿತಿ ಅಲ್ಲ" ಅಂತ ಒಂದು ಸಾಲಿನಲ್ಲಿ ತಿರುಗಿಸಿಬಿಡಬಹುದು. ಕಾಗದ ಕೇಳಿ. ಹೀಗೆ:

"2019ರ ನವೆಂಬರ್ 3ರಿಂದ 2020ರ ಮಾರ್ಚ್ 31ರವರೆಗೆ ಧಾರವಾಡ–ಅಂಬೇವಾಡಿ ಪ್ಯಾಸೆಂಜರ್ ಗಾಡಿಗೆ ಅಂಬೇವಾಡಿ, ಅಳ್ನಾವರ, ಕಂಬಾರಗಣವಿ, ಮುಗದ ಮತ್ತು ಧಾರವಾಡ ನಿಲ್ದಾಣಗಳಲ್ಲಿ ಮಾರಾಟವಾದ ಟಿಕೆಟ್‌ಗಳ ತಿಂಗಳವಾರು ಸಂಖ್ಯೆ ಮತ್ತು ಆದಾಯದ ದಾಖಲೆಯ ಪ್ರತಿ. ಆ ಅವಧಿಯ ಆ ಗಾಡಿಯ ವೇಳಾಪಟ್ಟಿಯ ಪ್ರತಿ. 2020ರ ಮಾರ್ಚ್ ನಂತರ ಆ ಗಾಡಿಯನ್ನು ಮರಳಿ ಓಡಿಸುವ ಬಗ್ಗೆ ವಿಭಾಗದಿಂದ ಪ್ರಧಾನ ಕಚೇರಿಗೆ ಅಥವಾ ರೈಲ್ವೆ ಮಂಡಳಿಗೆ ಹೋದ ಪತ್ರಗಳ ಪ್ರತಿ, ಬಂದ ಉತ್ತರಗಳ ಪ್ರತಿ."

ಕೊನೇ ಸಾಲು ಬಿಡಬೇಡಿ. ಪತ್ರ ಹೋಗಿದ್ದರೆ ಅದು ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ, ಆಮೇಲೆ ಸಂಸದರ ಹತ್ತಿರ ಅದೇ ಮೇಜಿನ ಹೆಸರು ಹೇಳಬಹುದು. ಪತ್ರವೇ ಹೋಗಿಲ್ಲ ಅಂತಾದರೆ ನಿಮ್ಮ ಅರ್ಜಿಯ ಮೊದಲ ಬೇಡಿಕೆ ಅದೇ: ವಿಭಾಗದಿಂದ ಪ್ರಸ್ತಾವನೆ ಕಳಿಸಿ. ಗಾಡಿ ಓಡಿದ್ದು ಐದು ತಿಂಗಳೂ ತುಂಬಿಲ್ಲ. ಟಿಕೆಟ್ ಲೆಕ್ಕ ಕಡಿಮೆ ಬಂದರೂ ಹೆದರಬೇಡಿ, ವೇಳಾಪಟ್ಟಿಯ ಪ್ರತಿಯನ್ನು ಅದರ ಪಕ್ಕದಲ್ಲೇ ಲಗತ್ತಿಸಿ.

ಶುಲ್ಕ 10 ರೂಪಾಯಿ, ಆನ್‌ಲೈನಿನಲ್ಲೂ ಹಾಕಬಹುದು, ಉತ್ತರಕ್ಕೆ 30 ದಿನ. ಇದರ ಉತ್ತರ ಬಂದ ಮೇಲೆ ಮುಖ್ಯ ಅರ್ಜಿ ಕೊಡಿ, ಮೊದಲು ಬೇಡ. ಅಷ್ಟರಲ್ಲಿ ಅಳ್ನಾವರದ ಹುಡುಗನ ಸಹಿಗಳೂ ಸೇರಿರುತ್ತವೆ. ಸಹಿ ಮಾಡುವವರು ಹೆಸರಿನ ಪಕ್ಕ ಎಲ್ಲಿಂದ ಎಲ್ಲಿಗೆ, ವಾರಕ್ಕೆ ಎಷ್ಟು ಸಲ, ಎಷ್ಟು ಗಂಟೆಗೆ ಅಂತಲೂ ಬರೆಯಲಿ. ಆ ನಾಲ್ಕು ಕಾಲಂ ಇಲ್ಲದ ಸಹಿ ಪಟ್ಟಿ ತರಬೇಡಿ. ಹುಬ್ಬಳ್ಳಿಗೆ ಕೊಡೋಕೆ ಬರುವ ದಿನ ತಿಳಿಸಿ, ನಾನೂ ಜೊತೆಗೆ ಬರುತ್ತೇನೆ.